ಹೆಂಡತಿಯ ಬೆರಳಿನ ತೊಂಬತ್ತೇಳು

೧೯೮೬ರಲ್ಲಿ, ಏಳನೆಯ ಇಯತ್ತೆ ಪಾಸಾದ ಮೇಲೆ, ನಾನು ಶಾಲೆ ಬಿಟ್ಟೆ. ಯಾರೋ ಬಿಡಿಸಿದರು ಎಂದರೆ ಸುಳ್ಳಾದೀತು; ಖಾನಾಪುರದ ಹಂಚಿನ ಭಟ್ಟಿಗೆ ಕೈ ಬೇಕಾಗಿದ್ದವು, ನನ್ನ ಬಳಿ ಎರಡಿದ್ದವು. ಓದಿದ್ದು ಕಡಿಮೆಯಾದರೂ ಒಂದು ಮಾತನ್ನು ಎದೆ ಮುಟ್ಟಿಕೊಂಡು ಹೇಳಬಲ್ಲೆ: ಏಳು ವರ್ಷದಲ್ಲಿ ಒಂದು ದಿನವೂ ಪಕ್ಕದವನ ಪಾಟಿ ನೋಡಿ ಬರೆದವನಲ್ಲ. ಗಣಿತದಲ್ಲಿ ಮೂವತ್ತೆಂಟು ಬಂದಿದ್ದರೆ ಅದು ನನ್ನದೇ ಮೂವತ್ತೆಂಟು. ನಾನು ಮೊದಲ ಸಲ ಕಾಪಿ ಹೊಡೆದದ್ದು ನಲವತ್ತೇಳನೆಯ ವಯಸ್ಸಿನಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ. ಅದೂ ಹೆಂಡತಿಯದನ್ನು ನೋಡಿ.

ಮೊದಲು ಭಟ್ಟಿಯ ವಿಷಯ ಹೇಳಬೇಕು. ಕೂಲಿಗೆ ಹೋದ ಆ ಭಟ್ಟಿಯೇ ಇವತ್ತು ನನ್ನದಾಗಿದೆ. ಬೆಂಕಿ ಹಾಕಿದ ಮೇಲೆ ಒಳಗೆ ಹಂಚು ಎಷ್ಟು ಬೆಂದಿದೆ ಎಂದು ತಿಳಿಯಲು ಗೋಡೆಯಲ್ಲಿ ಅಂಗೈಯಗಲದ ಕಿಂಡಿಗಳಿರುತ್ತವೆ. ಅಲ್ಲಿ ಕಣ್ಣಿಟ್ಟು ಬೆಂಕಿಯ ಬಣ್ಣ ನೋಡಿದರೆ ನನಗೆ ಸಾಕು. ಒಮ್ಮೆ ಒಬ್ಬ ಎಂಜಿನಿಯರ್ ಶಾಖ ಅಳೆಯುವ ಯಂತ್ರ ತಂದು, "ಇನ್ನ ಆಗಿಲ್ರೀ, ಕಟಗಿ ಹಾಕ್ರಿ" ಎಂದ. ನಾನು ಹಾಕಲಿಲ್ಲ. ಹಂಚು ಚೆನ್ನಾಗಿಯೇ ಬಂದವು. ಅಂದಿನಿಂದ ಯಂತ್ರಗಳ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿರಲಿಲ್ಲ.

ಎರಡನೆಯ ಅಲೆಯ ಆ ವರ್ಷ ನಮ್ಮಿಬ್ಬರಿಗೂ ರೋಗ ಬಂತು. ಹೆಂಡತಿ ಶಾಂತವ್ವನದು ಎರಡು ದಿನದ ನೆಗಡಿಯಾಗಿ ಹೋಯಿತು. ನನ್ನದು ಹೋಗಲಿಲ್ಲ. ಬಸ್ಸುಗಳು ನಿಂತಿದ್ದವು. ಬೆಳಗಾವಿಯ ಶಹಾಪುರಕ್ಕೆ ಕೊಟ್ಟ ಮಗಳು ಅಲ್ಲಿಂದಲೇ ಏನೇನೋ ಮಾಡಿ, ಒಬ್ಬ ಹೆಣ್ಣು ಡಾಕ್ಟರು, ನಮ್ಮ ಕಡೆಯ ಮಾತಿನಲ್ಲಿ ಡಾಕ್ಟರ್ ಬಾಯಿಯವರು, ದಿನವೂ ವಿಡಿಯೋದಲ್ಲಿ ನನ್ನನ್ನು ನೋಡುವ ಹಾಗೆ ಏರ್ಪಾಡು ಮಾಡಿದಳು. ಶಾಂತವ್ವ ಫೋನನ್ನು ಉಪ್ಪಿನ ಡಬ್ಬಿಗೆ ಆನಿಸಿ ನಿಲ್ಲಿಸಿದಳು. ನಾನು ಕ್ಯಾಮೆರಾಕ್ಕೆಂದು ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತೆ.

"ಹೆಂಗದೀರಿ ಕಾಕಾ?" ಎಂದರು ಡಾಕ್ಟರ್.

"ಆರಾಮ್ರೀ ಬಾಯಾರ. ನೀವು ಆರಾಮ? ಮನ್ಯಾಗ ಎಲ್ಲಾರೂ ಆರಾಮ?"

ನಮ್ಮ ಕಡೆ ಫೋನಿನಲ್ಲಿ ಯಾರೇ ಹೇಗಿದ್ದೀರಿ ಎಂದರೂ ಆರಾಮ ಎನ್ನಬೇಕು. ಮನೆಗೆ ಬೆಂಕಿ ಬಿದ್ದಿದ್ದರೂ ಮೊದಲು ಆರಾಮ, ಆಮೇಲೆ ಬೆಂಕಿ. ಡಾಕ್ಟರ್ ನಕ್ಕು ಆಕ್ಸಿಮೀಟರಿನ ಅಂಕಿ ಕೇಳಿದರು. ಆಶಾ ಕಾರ್ಯಕರ್ತೆ ಕೊಟ್ಟುಹೋದ ಆ ಚಿಮಟಿಗೆಯನ್ನು ಬೆರಳಿಗೆ ಸಿಕ್ಕಿಸಿದೆ. ಎಂಬತ್ತೊಂಬತ್ತು ಬಂತು. ತೊಂಬತ್ತೈದರ ಕೆಳಗೆ ಇರಬಾರದು ಎಂದು ಆಶಾ ಹೇಳಿದ್ದಳು. ಬಿಸಿ ಹಂಚು ಎತ್ತಿ ಎತ್ತಿ ನನ್ನ ಬೆರಳ ತುದಿ ಹಂಚಿನಷ್ಟೇ ಗಟ್ಟಿಯಾಗಿದೆ. ಅದರೊಳಗೆ ಈ ಯಂತ್ರಕ್ಕೆ ಏನು ಕಂಡೀತು? ಚಿಮಟಿಗೆಯನ್ನು ತೆಗೆದು, ಫೋನಿಗೆ ಕಾಣದಂತೆ ಬದಿಗೆ ಕೂತಿದ್ದ ಶಾಂತವ್ವನ ಬೆರಳಿಗಿಟ್ಟೆ. ತೊಂಬತ್ತೇಳು. ಒಂದೇ ಮನೆ, ಒಂದೇ ಗಾಳಿ. "ತೊಂಬತ್ತೇಳ್ರೀ" ಎಂದೆ.

ಫೋನ್ ಇಟ್ಟ ಮೇಲೆ ಶಾಂತವ್ವ ಹಣೆ ಚಚ್ಚಿಕೊಂಡಳು. "ಅಲ್ರೀ, ನನ್ನ ಬೆರಳ ನೋಡಿ ನಿಮಗ ಔಷಧ ಕೊಟ್ರ, ಅದನ್ನ ನುಂಗವ್ರು ಯಾರು?"

"ಸುಮ್ನಿರ. ದವಾಖಾನಿಗೆ ಒಯ್ದು ಮಲಗಿಸಿಬಿಡ್ತಾರ."

ಖರೇ ಹೇಳಬೇಕೆಂದರೆ ನನ್ನ ಹೆದರಿಕೆ ಅದೇ ಆಗಿತ್ತು. ನಮ್ಮ ಓಣಿಯಿಂದ ಹೋದವರಲ್ಲಿ ಇಬ್ಬರು ತಿರುಗಿ ಬಂದಿರಲಿಲ್ಲ. ಎರಡನೆಯ ದಿನವೂ ತೊಂಬತ್ತೇಳೇ ಹೇಳಿದೆ. ಅಷ್ಟು ಹೊತ್ತಿಗೆ ಬಚ್ಚಲಿಗೆ ಹೋಗಿ ಬರುವುದು ನನಗೆ ದೂರದ ಹಲಸಿ ಊರಿಗೆ ನಡೆದು ಹೋಗಿಬಂದಷ್ಟು ದಣಿವಾಗುತ್ತಿತ್ತು.

ಮೂರನೆಯ ದಿನ ಡಾಕ್ಟರ್ ಅಂಕಿ ಕೇಳಲಿಲ್ಲ. "ಕಾಕಾ, ಬೆರಳಿಗೆ ಮಷೀನ್ ಹಚ್ಚಿ ಹಂಗ ಕ್ಯಾಮೆರಾಕ್ಕ ತೋರಸ್ರಿ" ಎಂದರು.

ನಾನು ಕಣ್ಸನ್ನೆ ಮಾಡಿದೆ. ಶಾಂತವ್ವ ತಲೆಯಾಡಿಸಿದಳು. ಮತ್ತೆ ಮಾಡಿದೆ. ಕೊನೆಗೆ ಬದಿಯಿಂದ ಒಂದು ಕೈ ನನ್ನ ಎದೆಯ ಮುಂದೆ ಬಂತು. ಯಂತ್ರ ತೊಂಬತ್ತೇಳು ತೋರಿಸುತ್ತಿತ್ತು.

ಡಾಕ್ಟರ್ ಫೋನಿಗೆ ಮುಖ ಹತ್ತಿರ ತಂದು ನೋಡಿದರು. "ಹಸರ ಬಳಿ ಚಲೋ ಒಪ್ಪ್ಯಾವ ನಿಮಗ" ಎಂದರು. ಶಾಂತವ್ವನ ಕೈಯ ಹಸಿರು ಬಳೆಗಳನ್ನು ನಾನು ಮರೆತೇಬಿಟ್ಟಿದ್ದೆ.

ಶಾಂತವ್ವನಿಗೆ ಇನ್ನು ತಡೆಯಲಾಗಲಿಲ್ಲ. "ನನ್ನ ಕೈರೀ ಬಾಯಾರ ಅದು! ಅವರದು ಇವತ್ತ ಎಂಬತ್ತಾರಕ್ಕ ಬಂದೈತ್ರಿ. ಮಷೀನ್ ಕೆಟ್ಟೈತಿ ಅಂತಾರ್ರೀ. ಕೆಟ್ಟದ್ದು ಮಷೀನ್ ಅಲ್ರೀ..." ಎಂದವಳು ಅಳತೊಡಗಿದಳು.

"ನಾ ಬಳಿ ನೋಡಿ ಹೇಳಾಕತ್ತಿಲ್ಲ ಅವ್ವಾ" ಎಂದರು ಡಾಕ್ಟರ್. "ಕಾಕಾ ಒಂದ ಮಾತ ಮುಗಸಾಕ ಮೂರ ಸಲ ಉಸಿರು ತಗೋತಾರ. ಹೆಗಲು ಮ್ಯಾಲ ಕೆಳಗ ಆಗಾಕತ್ತಾವ. ತುಟಿ ಬಣ್ಣ ಸರಿ ಇಲ್ಲ. ಕಾಕಾ, ಹಠ ಸಾಕು. ಗಾಡಿ ಕಳಸ್ತೀನಿ, ಹತ್ತಬೇಕು."

ತುಟಿಯ ಬಣ್ಣ ಎಂದರಲ್ಲ, ಅದೇ ಮಾತು ನನಗೆ ತಾಗಿತು. ಅಷ್ಟು ದೂರ ಕೂತು, ಅಂಗೈಯಗಲದ ಕಿಂಡಿಯಲ್ಲಿ ಕಣ್ಣಿಟ್ಟು, ಡಾಕ್ಟರ್ ಬಣ್ಣ ನೋಡಿ ಹೇಳಿದ್ದರು. ನನ್ನದೇ ವಿದ್ಯೆ. ಅದನ್ನು ಸುಳ್ಳು ಎನ್ನಲು ನನಗೆ ಮುಖವಿರಲಿಲ್ಲ. ಗಾಡಿ ಬಂದಾಗ ಹತ್ತಿದೆ.

ಬೆಳಗಾವಿಯಲ್ಲಿ ಹನ್ನೊಂದು ದಿನ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದೆ. ಅಲ್ಲಿಯ ಡಾಕ್ಟರ್, "ಇನ್ನೊಂದಿನ ತಡಾ ಆಗಿದ್ರ..." ಎಂದು ಅರ್ಧಕ್ಕೇ ನಿಲ್ಲಿಸಿದರು. ಉಳಿದರ್ಧ ನಾನೂ ಕೇಳಲಿಲ್ಲ. ಮನೆಗೆ ಬಂದ ಮೇಲೆ ಬಾಯಿಯವರು ಒಂದು ತಿಂಗಳು ಫೋನಿನಲ್ಲೇ ನೋಡಿಕೊಂಡರು. ನಾನು ಆರಾಮ ಎನ್ನುವ ಮೊದಲೇ, "ಅದು ಬ್ಯಾಡ, ಕೈ ತೋರಸ್ರಿ, ಎರಡೂ" ಎನ್ನುತ್ತಿದ್ದರು. ಶಾಂತವ್ವ ಈಗಲೂ, ನಾನು ನಾಲ್ಕು ಜನರ ಮುಂದೆ ಶಾಲೆಯ ದಿನಗಳ ಪ್ರಾಮಾಣಿಕತೆಯ ಬಗ್ಗೆ ಮಾತೆತ್ತಿದರೆ, ಬಳೆ ಸದ್ದು ಮಾಡುತ್ತಾಳೆ.

ಈಗ ನನ್ನ ಬಳಿ ಇರುವುದು ಇಷ್ಟು: ಭಟ್ಟಿ ಒಂದು, ಅದಕ್ಕೆ ಕಿಂಡಿ ನಾಲ್ಕು, ಹೆಂಡತಿ ಒಬ್ಬಳು, ಬೆರಳು ಹತ್ತು, ಆಕ್ಸಿಜನ್ ತೊಂಬತ್ತೈದು. ಶಾಂತವ್ವನದು ಇಂದಿಗೂ ತೊಂಬತ್ತೇಳು. ನನಗೆ ಎರಡು ಅಂಕ ಕಡಿಮೆ. ಆದರೆ ಕಾಪಿ ಹೊಡೆದದ್ದಲ್ಲ.