ಮಾವಾರ, ಸ್ವಲ್ಪ ಸರೀರಿ

ಚೆನ್ನಾಗಿರುವುದನ್ನು ಇನ್ನಷ್ಟು ಚೆನ್ನಾಗಿ ಮಾಡಲು ಹೋಗಿ ಕೆಡಿಸುವುದು ನನ್ನ ಹುಟ್ಟುಗುಣ. ಕುದಿಸಿ ಇಳಿಸಿದ ಸಾರಿಗೆ ಕೊನೆಯಲ್ಲೊಂದು ಚಿಟಿಕೆ ಉಪ್ಪು ಹಾಕದಿದ್ದರೆ ನನಗೆ ಸಮಾಧಾನವಿಲ್ಲ. ನಮ್ಮ ಮನೆಯಲ್ಲಿ ಊಟಕ್ಕೆ ಮೊದಲು ಎಲ್ಲರೂ ತಂಬಿಗೆ ತುಂಬ ನೀರು ಇಟ್ಟುಕೊಳ್ಳುತ್ತಾರೆ. ಈ ಗುಣ ಅಡುಗೆಮನೆಯಲ್ಲಿದ್ದಷ್ಟು ದಿನ ದೊಡ್ಡ ಹಾನಿಯೇನೂ ಆಗಿರಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆಯುವ ಹುಚ್ಚು ಹಿಡಿದ ಮೇಲೆ ಆಯಿತು.

ವಾರವೆಲ್ಲ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಗೋದಾಮಿನ ತಗಡಿನ ಗೋಡೆ ನೋಡುವವಳು ನಾನು. ಭಾನುವಾರ ಔರಾದ್ ಕಡೆಯ ಚಿಂತಾಕಿಗೆ, ಗಂಡನ ಊರಿಗೆ ಹೋದರೆ, ಊರ ಹೊರಗಿನ ಕೆರೆ ಬಿಟ್ಟು ಬೇರೇನೂ ಕಾಣಿಸುತ್ತಿರಲಿಲ್ಲ. ಸೂರ್ಯ ಇಳಿಯುವ ಹೊತ್ತಿಗೆ ಆಕಾಶದಲ್ಲೊಂದು, ನೀರಿನಲ್ಲೊಂದು ಸೂರ್ಯ; ದಡದ ಮೇಲೊಂದು ಜಾಲಿ ಮರ, ಅದರ ಬುಡಕ್ಕೇ ಅಂಟಿಕೊಂಡು ತಲೆಕೆಳಗಾದ ಇನ್ನೊಂದು. ನೀರು ಒಂದಿಷ್ಟೂ ಅಲುಗಬಾರದು. ಇದೆಲ್ಲ ಕೂಡಿಬಂತು ಎನ್ನುವಷ್ಟರಲ್ಲಿ ಆ ಮರದ ಪಕ್ಕಕ್ಕೆ ತಪ್ಪದೆ ಬಂದು ನಿಲ್ಲುತ್ತಿದ್ದವರು ನಮ್ಮ ಮಾವ. ತಲೆಗೆ ಗುಲಾಬಿ ರುಮಾಲು, ಕೈಯಲ್ಲಿ ಕೋಲು, ಹಿಂದೆ ಹತ್ತು ಕುರಿ.

"ಮಾವಾರ, ಸ್ವಲ್ಪ ಸರೀರಿ" ಎಂದು ಕೂಗುತ್ತಿದ್ದೆ. ಅವರು ರುಮಾಲು ಸರಿಮಾಡಿಕೊಂಡು, ಎರಡು ಹೆಜ್ಜೆ ಸರಿದು, ಚೌಕಟ್ಟಿನ ಇನ್ನೂ ನಡುವಿಗೆ ಬಂದು ನೆಟ್ಟಗೆ ನಿಲ್ಲುತ್ತಿದ್ದರು. ಹಿರಿಯರಿಗೆ ಎಷ್ಟು ಸಲ ಹೇಳುವುದು? ನನ್ನ ಮೊಬೈಲಿನಲ್ಲಿ ಬೇಡದ್ದನ್ನು ಬೆರಳಿನಿಂದ ಉಜ್ಜಿ ಅಳಿಸುವ ಸೌಕರ್ಯವಿದೆ. ಬೀದರಿಗೆ ವಾಪಸು ಬರುವ ಬಸ್ಸಿನಲ್ಲಿ ಕುಳಿತು ಉಜ್ಜುತ್ತಿದ್ದೆ. ಮೊದಲು ದಡದ ಮೇಲಿನ ಮಾವ, ಆಮೇಲೆ ನೀರಿನೊಳಗಿನ ಮಾವ, ಕೊನೆಗೆ ಕುರಿಗಳು. ಮೊಬೈಲು ತುಂಬಿದೆಯೆಂದು ಮೂಲ ಚಿತ್ರಗಳನ್ನು ತೆಗೆದುಹಾಕುತ್ತಿದ್ದೆ.

ಅಂಥದೊಂದು ಚಿತ್ರ ಬೀದರಿನ ಫೋಟೋ ಪ್ರದರ್ಶನವೊಂದಕ್ಕೆ ಆಯ್ಕೆಯಾಯಿತು. ಹಿಗ್ಗಿನಲ್ಲಿ ಊರಿಗೆ ಫೋನು ಮಾಡಿ, "ನಮ್ಮ ಕೆರಿ ಫೋಟೋ ಗ್ವಾಡಿಗೆ ಹಾಕ್ಯಾರ್ರೀ ಮಾವಾರ" ಎಂದೆ. ಮರುದಿನವೇ ಮಾವ ಬಂದಿಳಿದರು. ಮೈಮೇಲೆ ಹೊಸ ಅಂಗಿ. ಜೊತೆಗೆ ಅದನ್ನು ಹೊಲಿದ ಗೆಳೆಯ ಮಸ್ತಾನ್ ಸಾಬರು. ಭಾಲ್ಕಿಯಿಂದ ನಾದಿನಿಯೂ ಬಂದಿದ್ದಳು. "ನಮ್ಮ ಸೊಸಿ ಐತವಾರಕ್ಕೊಮ್ಮಿ ನಂದು ಫೋಟೋ ತೆಗೀತಾಳ" ಎಂದು ಮಾವ ಊರೆಲ್ಲ ಹೇಳಿಕೊಂಡಿದ್ದಾರೆಂದು ನನಗೆ ತಿಳಿದದ್ದು ಅವಳಿಂದ, ಅದೂ ಸಭಾಂಗಣದ ಬಾಗಿಲಲ್ಲಿ.

ಚಿತ್ರದ ಮುಂದೆ ಮೂವರೂ ನಿಂತರು. ಮಸ್ತಾನ್ ಸಾಬರು ಕನ್ನಡಕ ಏರಿಸಿ, ಇಳಿಸಿ, ಮೂಲೆ ಮೂಲೆ ಹುಡುಕಿ, "ಅರೆ ದೋಸ್ತ, ನೀ ಎಲ್ಲಿದ್ದೀಯೋ ಇದ್ರಾಗ?" ಎಂದರು. ಮಾವ ಜಾಲಿ ಮರದ ಪಕ್ಕದ ಖಾಲಿ ಜಾಗವನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಮುಖ ನೋಡಿದರು.

"ಅವತ್ತ ನಾ ಕೆರಿ ಕಡಿ ಹೋಗಿದ್ದಿಲ್ಲೋ ಮಸ್ತಾನ, ಮೈಯಾಗ ಆರಾಮ ಇದ್ದಿಲ್ಲ" ಎಂದರು. ನನ್ನ ಮಾವ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆ ರಾತ್ರಿ ಪಾಪ ತೊಳೆದುಕೊಳ್ಳಲು, ಮರದ ಪಕ್ಕ ಒಬ್ಬ ಕುರಿಗಾಹಿ ಬೇಕೆಂದು ಮೊಬೈಲಿಗೇ ಹೇಳಿ ನೋಡಿದೆ. ಅದು ಕ್ಷಣದಲ್ಲಿ ಹುರಿಮೀಸೆಯ ತರುಣನೊಬ್ಬನನ್ನು ಕೊಟ್ಟಿತು. ಗಂಡ ಇಣುಕಿ, "ಯಾರ ಇವ?" ಎಂದು ಕೇಳಿದರು. ಅಳಿಸಿದೆ.

ಮುಂದಿನ ಭಾನುವಾರ ನಾನು ಕೆರೆಗೆ ಹೋದಾಗ ಜಾಲಿ ಮರದ ಹತ್ತಿರ ಯಾರೂ ಇರಲಿಲ್ಲ. ಮಾವ ನನ್ನ ಬೆನ್ನ ಹಿಂದೆ, ದೂರದಲ್ಲಿ ಕುರಿಗಳೊಂದಿಗೆ ನಿಂತಿದ್ದರು. ಹಳೆಯ ಅಂಗಿ, ಮಾಸಿದ ರುಮಾಲು.

"ಮುಂದ ಬರ್ರೀ ಮಾವಾರ, ಅಲ್ಲೇ ನಿಂದರ್ರಿ" ಎಂದೆ.

"ಬ್ಯಾಡ ತಗೊ ಯವ್ವಾ, ಫೋಟೋ ಕೆಡ್ತದ. ನೀರು ಭಾಳ ಛಂದ ಕಾಣ್ಲತ್ತದ, ಲಗೂನ ತೆಗಿ. ಇನ್ನ ಕುರಿ ನಿಂದ್ರಂಗಿಲ್ಲ."

ಅವರು ಹೇಳಿ ಮುಗಿಸುವ ಮೊದಲೇ ಬಾಯಾರಿದ ಹತ್ತು ಕುರಿಗಳೂ ನೀರಿಗೆ ನುಗ್ಗಿದವು. ನೀರಿನೊಳಗಿನ ಮರ ಮುರಿಯಿತು, ಸೂರ್ಯ ಚೂರುಚೂರಾದ. ಇಷ್ಟು ದಿನ ಆ ಮರದ ಪಕ್ಕ ಅವರು ಕೋಲು ಅಡ್ಡ ಹಿಡಿದು ನಿಲ್ಲುತ್ತಿದ್ದುದು ಯಾಕೆಂದು ಆಗ ತಿಳಿಯಿತು. ನಾನು ಫೋಟೋ ತೆಗೆದು ಮುಗಿಸುವ ತನಕ ಅವರು ಕುರಿಗಳನ್ನು ತಡೆದಿದ್ದರು. ನೀರು ನನಗಾಗಿ ತಾನೇ ಸುಮ್ಮನಿರುತ್ತದೆ ಎಂದುಕೊಂಡಿದ್ದೆ ನಾನು.

ನಾಚಿಕೆಯಿಂದ ಕೆರೆಗೆ ಬೆನ್ನು ಹಾಕಿ, ಮೊಬೈಲನ್ನು ಅವರ ಕಡೆಗೇ ತಿರುಗಿಸಿ ಒತ್ತಿದೆ. ಎದುರು ಬಿಸಿಲಿಗೆ ಮಾವ ಅದೇ ಗಳಿಗೆಗೆ ಕಣ್ಣಿಗೆ ಕೈ ಅಡ್ಡ ಹಿಡಿದರು. ಮುಖವೆಲ್ಲ ಮರೆಯಾಗಿ ಅಂಗೈ ಮಾತ್ರ ಬಂತು. "ಕೈ ಸ್ವಲ್ಪ ಸರಸ್ರೀ ಮಾವಾರ" ಅಂದರೆ ಸರಿಸುತ್ತಿದ್ದರು. ಅವರಿಗೆ ಮತ್ತೆ 'ಸರೀರಿ' ಎನ್ನಲು ನನಗೆ ಬಾಯಿ ಬರಲಿಲ್ಲ.

ನನ್ನಲ್ಲಿರುವ ಅವರ ಫೋಟೋ ಅದೊಂದೇ. ತೆರೆದಾಗಲೆಲ್ಲ ಮೊಬೈಲು ಕೆಳಗೊಂದು ಸಾಲು ತೋರಿಸುತ್ತದೆ: ಅಡ್ಡ ಬಂದದ್ದನ್ನು ಅಳಿಸಬೇಕೆ?