ಮೂರು ಬೀಗದ ಶಟರ್

ನಾಲ್ಕು ಜನಕ್ಕೆ ದಾರಿ ತೋರಿಸುವ ಗುಣ ಹುಟ್ಟಿನಿಂದಲೇ ಇರುವವನ ಹಿಂದೆ ಜವಾಬ್ದಾರಿಗಳು ಬಿದ್ದೇ ಇರುತ್ತವೆ. ನಮ್ಮೂರ ಕಬಡ್ಡಿ ಟೀಮಿಗೆ ನಾನೇ ಕ್ಯಾಪ್ಟನ್. ಕಾಮಾಕ್ಷಿಪಾಳ್ಯದಲ್ಲಿ ಕುಕ್ಕರ್ ಹಿಡಿ ಮಾಡುವ ಶೆಡ್ಡಿಗೆ ಸೇರಿ ಆಗಿನ್ನೂ ಒಂದು ವರ್ಷವಾಗಿತ್ತು, ಅಷ್ಟೇ. ಓನರ್ ಮಂಡಿ ಆಪರೇಷನ್ನಿಗೆ ಹೊರಟವರು, “ಒಂದು ತಿಂಗಳು ಮೂವರೂ ಸೇರಿ ನಡೆಸಿ. ಬಂದ್ಮೇಲೆ ಒಬ್ಬರನ್ನ ಸೂಪರ್‌ವೈಸರ್ ಮಾಡ್ತೀನಿ” ಅಂದರು. ಮೂವರು ಅಂದರೆ ನಾನು, ಪ್ಯಾಕಿಂಗ್ ಅಕ್ಕ, ಗದಗದ ಕಡೆಯ ಫಿಟ್ಟರ್ ಅಣ್ಣ. ಶಟರಿಗೆ ಮೂರು ಬೀಗ, ಒಬ್ಬೊಬ್ಬರ ಹತ್ತಿರ ಒಂದೊಂದು ಬೀಗದ ಕೈ. ನಡುವಿನದು ನಂದು. ಸೂಪರ್‌ವೈಸರ್ ಆಗೇಬಿಟ್ಟೆ ಅಂತ ಆವತ್ತೇ ಊರಿಗೆ ಫೋನ್ ಮಾಡಿದೆ.

ಮೊದಲ ದಿನ

ಲೀಡರ್ ಎಲ್ಲರಿಗಿಂತ ಮುಂಚೆ ಇರಬೇಕಲ್ಲ, ಬೆಳಿಗ್ಗೆ ಏಳಕ್ಕೇ ಹೋಗಿ ನನ್ನ ಬೀಗ ತೆಗೆದೆ. ಉಳಿದ ಎರಡು ಬೀಗದ ಕೈ ಬಂದದ್ದು ಎಂಟೂವರೆಗೆ. ಅಲ್ಲಿವರೆಗೂ ಮೆಟ್ಟಿಲ ಮೇಲೆ ಕೂತಿದ್ದೆ. ಎದುರಿನ ಟೀ ಅಂಗಡಿಯವನು ಗ್ಲಾಸ್ ಕೊಡುತ್ತಾ ಕೇಳಿದ: “ಹೊಸ ವಾಚ್‌ಮನ್ನಾ ಗುರು?”

ಭಾಷಣ

ದೊಡ್ಡ ಆರ್ಡರ್ ಬಂತು. ಮಿಷನ್ ನಡೆಸುವವರು ಭಾನುವಾರ ಬರಲ್ಲ ಅಂದರು. ನಾನು ಸ್ಟೂಲ್ ಹತ್ತಿ ಅರ್ಧ ಗಂಟೆ ಮಾತಾಡಿದೆ. ಎಲ್ಲರೂ ತಲೆಯಾಡಿಸಿದರು. ಮುಗಿದ ಮೇಲೆ ಒಬ್ಬ ತಿರುಗಿ, “ಏನ್ಮಾಡೋಣ ಅಕ್ಕ?” ಅಂದ.

ಅಕ್ಕ ಡಬ್ಬಕ್ಕೆ ಟೇಪ್ ಅಂಟಿಸುತ್ತಲೇ, “ನೀನು ಮಗಳ ನಾಮಕರಣ ಮುಗಿಸ್ಕೊಂಡು ಬಾ. ಅಲ್ಲಿವರ್ಗೂ ನಿನ್ ಮಿಷನ್ ಫಿಟ್ಟರಣ್ಣ ನೋಡ್ಕೋತಾರೆ. ಮಿಕ್ಕೋರು ಬನ್ನಿ, ಚಿತ್ರಾನ್ನ ನಾನ್ ತರ್ತೀನಿ” ಅಂದರು.

ಭಾನುವಾರ ಒಬ್ಬರೂ ತಪ್ಪಿಸಲಿಲ್ಲ. ನನ್ನ ಭಾಷಣ ಅಷ್ಟು ಚೆನ್ನಾಗಿತ್ತು.

ಕೊನೆಯ ದಿನ

ಆರ್ಡರ್ ಲಾರಿ ಹತ್ತಿತ್ತು. ಮಾರನೇ ದಿನ ಓನರ್ ಬರುವವರು. ಅವರ ಕಣ್ಣಿಗೆ ಬೀಳಲಿ ಅಂತ ಸಂಜೆ ಒಬ್ಬನೇ ಅಟ್ಟ ಹತ್ತಿ ಗುಡಿಸುತ್ತಿದ್ದೆ. ಕೆಳಗೆ ಅಕ್ಕ, ಅಣ್ಣ ಶಟರ್ ಎಳೆದು ತಮ್ಮ ತಮ್ಮ ಬೀಗ ಹಾಕಿದರು. ನನ್ನದು ತೆರೆದೇ ತೂಗುತ್ತಿತ್ತಂತೆ. ‘ಪಾಪ, ಮರೆತು ಹೋಗಿದಾನೆ’ ಅಂತ ಅಕ್ಕ ಅದನ್ನೂ ಒತ್ತಿಬಿಟ್ಟರು.

ಫೋನ್ ಮಾಡಿದೆ. ಅಕ್ಕ ಅತ್ತಿಗುಪ್ಪೆಯಿಂದ, ಅಣ್ಣ ಅರ್ಧ ದಾರಿಯಲ್ಲಿ ಬಸ್ಸಿಳಿದು, ಇಬ್ಬರೂ ವಾಪಸ್ ಬಂದರು. ಅದೇ ಹೊತ್ತಿಗೆ ಆಟೋ ನಿಂತ ಸದ್ದು, ಆಮೇಲೆ ಕೋಲಿನ ಸದ್ದು. ಓನರ್ ಮನೆಯಲ್ಲಿ ಕೂರಲಾಗದೆ ಒಂದು ದಿನ ಮುಂಚೆಯೇ ಬಂದಿದ್ದರು. ಎಲ್ಲ ಕೇಳಿಕೊಂಡು, ಶಟರ್ ತೆಗೆಯುವ ಮೊದಲೇ, “ಸರಿ, ಸೂಪರ್‌ವೈಸರ್ ಯಾರಾಗ್ಬೇಕು? ನೀವೇ ಹೇಳಿ” ಅಂದರು.

“ಮೂರೂ ಮಂದಿ ಇರ್ತೀವಿ ಬಿಡ್ರಿ ಸರ” ಅಂದರು ಫಿಟ್ಟರ್ ಅಣ್ಣ. “ಒಬ್ಬನ್ನ ಮಾಡಿದ್ರ, ಅಂವಾ ಒಳಗ ಸಿಕ್ಕೊಂಡಾಗ ತೆಗೆಯಾವ್ರು ಯಾರ್ರಿ?”

ಅಕ್ಕ ಶಟರಿನ ಹತ್ತಿರ ಬಗ್ಗಿದರು. “ಏನಪ್ಪಾ ಲೀಡರ್, ಒಪ್ಪಿಗೇನಾ?”

ತಕ್ಷಣ ನಿರ್ಧಾರ ತಗೊಳ್ಳೋದರಲ್ಲಿ ನನ್ನನ್ನು ಮೀರಿಸುವವರಿಲ್ಲ. ತುಂಬು ಮನಸ್ಸಿನಿಂದ ಒಪ್ಪಿದೆ. ನನ್ನ ಬೀಗದ ಕೈಯನ್ನು ಶಟರಿನ ಕೆಳಗಿಂದ ಆಗಲೇ ಹೊರಗೆ ತಳ್ಳಿಬಿಟ್ಟಿದ್ದೆ.