ಲೀಲಾಧರ ನೀರಿನ ಹೆದರಿಕೆ ಬಿಟ್ಟದ್ದು

ಏಳು ತಲೆಮಾರು ಕಡಲಿಗೆ ಬಲೆ ಬೀಸಿದ ಮೊಗವೀರರ ಮನೆಯಲ್ಲಿ ಹುಟ್ಟಿಯೂ ಲೀಲಾಧರನಿಗೆ ನೀರೆಂದರೆ ಪ್ರಾಣಭಯ. ಬಾವಿಕಟ್ಟೆಯಲ್ಲಿ ಮೀಯುವಾಗಲೂ ಬಾವಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಬಂದರ್‌ನ ಮೆಣಸಿನ ಗೋದಾಮಿನಲ್ಲಿ ಅವನು ಗುಮಾಸ್ತ. ನದಿಯ ಕಡೆಯ ಕಿಟಕಿಯನ್ನು ಹನ್ನೊಂದು ವರ್ಷಗಳಿಂದ ತೆರೆದಿರಲಿಲ್ಲ.

ಎಪ್ಪತ್ತೆಂಟನೇ ಇಸವಿಯ ಒಂದು ಶನಿವಾರ ಮಧ್ಯಾಹ್ನದ ಮೇಲೆ ಅವನು ಹೆಣ್ಣು ನೋಡಲು ಹೋಗಬೇಕಿತ್ತು. ಹುಡುಗಿ ಕುಮುದಿನಿ, ಹೊಳೆಯಾಚೆಯ ಬೆಂಗರೆಯವಳು. ಯಾರದೋ ಮದುವೆಯಲ್ಲಿ ಅವಳು ಪಾಯಸ ಬಡಿಸುವುದನ್ನು ಕಂಡಂದಿನಿಂದ ಮೂವತ್ತನಾಲ್ಕರ ಲೀಲಾಧರನಿಗೆ ಬೇರೆ ಯಾರೂ ಬೇಡವಾಗಿತ್ತು. ಸಂಬಂಧ ಕುದುರಿಸಿದ ಸುಂದರಿ ದೊಡ್ಡಮ್ಮ ಬೆಳಿಗ್ಗೆಯೇ ಅಲ್ಲಿಗೆ ಹೊರಟಿದ್ದಳು. "ನೀನು ಕೂಳೂರಿಗೆ ಬಸ್ಸಲ್ಲಿ ಹೋಗಿ ಸೇತುವೆ ಮೇಲಿಂದ ಸುತ್ತಿಕೊಂಡು ಬಾ ಮಗಾ, ದೋಣಿಗೀಣಿ ಬೇಡ," ಎಂದು ಎರಡೆರಡು ಸಲ ಹೇಳಿದ್ದಳು.

ಅಷ್ಟು ಕೇಳಿದ್ದರೆ ಸಾಕಿತ್ತು. ಅವನು ಹೋಗಿ ಪೌಲನ ಹತ್ತಿರ ಬಾಯಿ ಬಿಟ್ಟ. ಪೌಲ್ ಗೋದಾಮಿನಲ್ಲಿ ಮೆಣಸು ತೂಗುವವ, ಊರ ಉಸಾಬರಿಯೆಲ್ಲ ತನ್ನದೆಂದು ತಿಳಿದವ.

"ಎಂತ? ಮೊಗವೀರರ ಮದುಮಗ ಬಸ್ಸಲ್ಲಿ ಹೋಗುವುದಾ? ಹುಡುಗಿಯವರು ನಗಾಡುವುದಿಲ್ವಾ ಮಾರಾಯ!"

"ನನಗೆ ಹೆದರಿಕೆ ಉಂಟಲ್ಲ ಪೌಲ್. ಅತ್ತಾವರದ ಡಾಕ್ಟ್ರ ಮದ್ದು ನಡೀತಾ ಉಂಟು."

ಲೀಲಾಧರ ಕಿಸೆಯಿಂದ ಚೀಟಿ ತೆಗೆದು ತೋರಿಸಿದ. ಹೆದರಿಕೆಯನ್ನು ಬೈದು ಓಡಿಸಲಾಗದು, ಮೆಟ್ಟಿಲು ಮೆಟ್ಟಿಲಾಗಿ ಪಳಗಿಸಬೇಕು ಎಂದಿದ್ದರು ಡಾಕ್ಟರು. ಮೊದಲು ಬಾಲ್ದಿ ನೀರಿನಲ್ಲಿ ಕಾಲಿಟ್ಟು ನಿಧಾನ ಉಸಿರಾಡುವುದು, ಆಮೇಲೆ ದೂರದಿಂದ ನದಿ ನೋಡುವುದು, ಕಟ್ಟಿದ ದೋಣಿಯಲ್ಲಿ ಕೂರುವುದು, ಎಂಟನೇ ವಾರ ಹೊಳೆ ದಾಟುವುದು. ಲೀಲಾಧರ ಇನ್ನೂ ಬಾಲ್ದಿಯಲ್ಲೇ ಇದ್ದ.

"ಎಂಟು ವಾರ ಎಂತಕ್ಕೆ? ಮೂರು ಗಂಟೆಯೊಳಗೆ ಮುಗಿಸುವ," ಎಂದ ಪೌಲ್.

ಹನ್ನೆರಡಕ್ಕೆ ಬಾಲ್ದಿ ಬಂತು. ಕಾಲಿಟ್ಟ ಲೀಲಾಧರ ಹೌಹಾರಿ ಹಾರಿದ. ಅದು ಮೆಣಸಿನ ಗೋಣಿ ತೊಳೆದ ನೀರು. ಒಂದಕ್ಕೆ ಕಿಟಕಿ ತೆರೆದರು. ಹನ್ನೊಂದು ವರ್ಷದ ತುಕ್ಕು ತಿಂದ ಕೀಲು ಮುರಿದು ಕಿಟಕಿ ಹೊಳೆಗೆ ಬಿತ್ತು, ಧಣಿಗಳ ಬೈಗುಳ ಲೀಲಾಧರನ ತಲೆಯ ಮೇಲೆ ಬಿತ್ತು. ಎರಡೂವರೆಗೆ, ದೋಣಿ ನಿಲ್ಲುವ ಧಕ್ಕೆಯಲ್ಲಿ ಕಟ್ಟಿದ್ದ, ಜನರನ್ನು ಹೊಳೆ ದಾಟಿಸುವ ಅಂಗಾರಣ್ಣನ ದೋಣಿಯಲ್ಲಿ ಅವನನ್ನು ಕೂರಿಸಿದರು.

ಲೀಲಾಧರ ಕಣ್ಣು ಮುಚ್ಚಿ ಉಸಿರು ಎಣಿಸತೊಡಗಿದ. ಎಪ್ಪತ್ತಕ್ಕೆ ಎದೆಬಡಿತ ಇಳಿಯಿತು. ಇನ್ನೂರಕ್ಕೆ ಗಾಳಿ ಹಿತವೆನಿಸಿತು. ಕಣ್ಣು ಬಿಟ್ಟರೆ ದೋಣಿ ನಡುಹೊಳೆಯಲ್ಲಿ! ಪೌಲ್ ಮೆಲ್ಲನೆ ಹಗ್ಗ ಬಿಚ್ಚಿಸಿ ತಾನು ದಡದಲ್ಲೇ ಉಳಿದಿದ್ದ.

ಬೊಬ್ಬೆ ಹಾಕಲು ಬಾಯಿ ತೆರೆದ. ಬೊಬ್ಬೆ ಬರಲಿಲ್ಲ. ಹೆದರಿಕೆಯೂ ಬರಲಿಲ್ಲ. ಚಿಕ್ಕಂದಿನಿಂದ ಕೇಳಿದ ಹೀಯಾಳಿಕೆಯೆಲ್ಲ ನೆನಪಾಗಿ ಪಾಪ, ಅವನ ಕಣ್ಣು ತುಂಬಿತು.

ಆಚೆ ದಡದಲ್ಲಿ ತನ್ನ ಮನೆಯೆದುರು ಕುಮುದಿನಿ ನಿಂತಿದ್ದಳು. ಅವಳನ್ನು ಕಂಡದ್ದೇ ಲೀಲಾಧರನ ಬುದ್ಧಿ ಕೈಕೊಟ್ಟಿತು. ಎದ್ದು, ದೋಣಿಯ ಮೂತಿಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ.

"ಕೂತುಕೊ ಮಾರಾಯ!" ಎಂದು ಅಂಗಾರಣ್ಣ ಕೂಗಿದರೂ ಕೇಳದೆ, ದಡ ಮುಟ್ಟುವ ಮೊದಲೇ ಸೊಂಟಮಟ್ಟದ ನೀರಿಗೆ ಧುಮುಕಿ ದಾಪುಗಾಲು ಹಾಕಿದ.

ಕುಮುದಿನಿಯ ತಾಯಿ ಬಾಗಿಯಕ್ಕ ನೀರು ಬೆಲ್ಲ ತಂದಿಟ್ಟಳು. ಅವಳ ಮುಖ ಬಾಡಿತ್ತು.

"ನೀವು ದೋಣಿಯಲ್ಲಿ ಬಂದದ್ದಾ?"

"ಹೌದು ಬಾಗಿಯಕ್ಕ. ನನಗೆ ಕಡಲೆಂದರೆ ಮನೆಯಂಗಳದ ಹಾಗೆ!"

ಮೂಲೆಯಲ್ಲಿದ್ದ ಸುಂದರಿ ದೊಡ್ಡಮ್ಮ ಹಣೆ ಚಚ್ಚಿಕೊಂಡಳು.

ಕುಮುದಿನಿಯೇ ಬಾಗಿಲಿಗೆ ಬಂದಳು. "ಕಡಲಿಗೆ ಹೋದ ಅಪ್ಪ ಬರಲಿಲ್ಲ. ಅಣ್ಣನೂ ಬರಲಿಲ್ಲ. ನೀರು ಕಂಡರೆ ಓಡುವ ಹುಡುಗ ಅಂತ ನಿಮ್ಮ ದೊಡ್ಡಮ್ಮ ಹೇಳಿದ್ದಕ್ಕೇ ನಾನು ಒಪ್ಪಿದ್ದು. ದಡದಲ್ಲಿ ಕಾಯಲಿಕ್ಕೆ ನನಗೆ ಹೆದರಿಕೆ. ನೀವು ಬೇಡ."

"ನನಗೂ ಹೆದರಿಕೆ ಉಂಟು, ದೇವರಾಣೆ! ಚೀಟಿ ನೋಡಿ!" ಲೀಲಾಧರ ಕಿಸೆಗೆ ಕೈ ಹಾಕಿದ. ಚೀಟಿ ನೆನೆದು ಮುದ್ದೆಯಾಗಿತ್ತು, ಒಂದಕ್ಷರವೂ ಉಳಿದಿರಲಿಲ್ಲ.

ಮರಳಿ ದೋಣಿ ಹತ್ತುವಾಗ, ಅವಳು ನೋಡುತ್ತಿದ್ದಾಳೆಂದು ಹೆದರಲು ಬಹಳ ಪ್ರಯತ್ನಿಸಿದ. ಕೈ ನಡುಗಿಸಿದ, ಹಲ್ಲು ಕಟಕಟಿಸಿದ.

"ನಾಟಕ ಎಂತಕ್ಕೆ," ಎಂದು ಬಾಗಿಯಕ್ಕ ಮಗಳನ್ನು ಒಳಗೆ ಕರೆದೊಯ್ದಳು.

ನಡುಹೊಳೆಯಲ್ಲಿ ಒಂದು ಅಲೆ ದೋಣಿಯನ್ನು ಎತ್ತಿ ಇಳಿಸಿತು. ಹಳೆಯ ಹೆದರಿಕೆ ಪೂರ್ತಿಯಾಗಿ ಮರಳಿ ಬಂತು. ಲೀಲಾಧರ ಅಂಗಾರಣ್ಣನ ಎರಡೂ ಕಾಲು ತಬ್ಬಿಕೊಂಡು ಹಿಂದಕ್ಕೆ ತಿರುಗಿ ಬೊಬ್ಬಿಟ್ಟ: "ಕುಮುದಿನೀ! ಬಂತು! ಹೆದರಿಕೆ ಬಂತು! ನೋಡು!"

ಆಚೆ ದಡದಲ್ಲಿ ಯಾರೂ ಇರಲಿಲ್ಲ. ಕೇಳಿಸಿದ್ದು ಈಚೆ ಧಕ್ಕೆಯಲ್ಲಿ ಕಾಯುತ್ತಿದ್ದ ಪೌಲನಿಗೆ ಮಾತ್ರ.

"ಚಿಂತೆ ಇಲ್ಲ ಮಾರಾಯ!" ಎಂದು ಅವನು ಅಲ್ಲಿಂದಲೇ ಧೈರ್ಯ ಹೇಳಿದ. "ಸೋಮವಾರ ಪುನಃ ಬಾಲ್ದಿಯಿಂದ ಶುರು ಮಾಡುವ!"